ಗೇಟಿನಿಂದ ಹಿಂದಿರುಗಿದ ಬಾಟಲಿಗಳು

ಮಕ್ಕಳೇ, ನಾನು ವಿಶ್ವವಿದ್ಯಾನಿಲಯದ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಾಗ ಒಬ್ಬರು ವಾರ್ಡನ್ ಮೇಡಂ ಇದ್ದರು. ಚರಂಡಿಯಲ್ಲಿ ಪ್ಲಾಸ್ಟಿಕ್ ಕಂಡರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾವೇ ಎತ್ತುವರು. "ಇದು ಇಲ್ಲೇ ನಿಲ್ಲಲ್ಲ ಕಣಮ್ಮ, ಕಾವೇರಿ ಹಿಡಿದು ಸಮುದ್ರಕ್ಕೆ ಹೋಗುತ್ತೆ" ಎನ್ನುವರು. ಸಮುದ್ರವನ್ನೇ ನೋಡದ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ.

ಒಂದು ವರ್ಷ ಘಟಿಕೋತ್ಸವಕ್ಕೆ ನೀರು ಕೊಡುವ ಕೆಲಸ ನಮ್ಮ ಹಾಸ್ಟೆಲಿಗೇ ಬಿತ್ತು. ಆ ದಿನ ಬೆಳಿಗ್ಗೆ ಪ್ಲಾಸ್ಟಿಕ್ ನೀರಿನ ಬಾಟಲಿಗಳ ಗಾಡಿ ಬಂತು. ಮೇಡಂ ಅದನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಿ, ನಮ್ಮ ಅಡುಗೆಮನೆಯ ಬಿಂದಿಗೆಗಳನ್ನೂ ಸ್ಟೀಲ್ ಚೊಂಬುಗಳನ್ನೂ ತರಿಸಿದರು.

"ಮುಖ್ಯ ಅತಿಥಿ ಅಂಥ ದೊಡ್ಡವರು, ಅವರಿಗೆ ಚೊಂಬಾ? ಅವ್ರೇನಾದ್ರೂ ಬೇಜಾರು ಮಾಡ್ಕೊಂಡ್ರೆ ನಿಮ್ಮ ವಾರ್ಡನ್‌ಗಿರಿ ಇವತ್ತಿಗೆ ಮುಗೀತು ಕಣ್ರೀ" ಎಂದರು ಆಫೀಸಿನವರು.

"ಮುಗೀಲಿ ಬಿಡಿ" ಎಂದರು ಮೇಡಂ.

ಭಾಷಣದ ನಡುವೆ ಮುಖ್ಯ ಅತಿಥಿ ಕೆಮ್ಮಿ ನೀರು ಕೇಳಿದರು. ಮೇಡಂ ಚೊಂಬು ಹಿಡಿದು ವೇದಿಕೆ ಹತ್ತಿದರು. ಅತಿಥಿ ಲೋಟಕ್ಕಾಗಿ ಸುತ್ತ ನೋಡಿದರು. ಅಡುಗೆಮನೆಯ ನಾವೆಲ್ಲ ಚೊಂಬೆತ್ತಿ ಕುಡಿಯುವವರು; ಲೋಟ ಇಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಅತಿಥಿ ಒಂದು ಗಳಿಗೆ ಚೊಂಬನ್ನೇ ದಿಟ್ಟಿಸಿ, ಆಮೇಲೆ ತಲೆ ಹಿಂದಕ್ಕೆ ಬಾಗಿಸಿ ಅದನ್ನೆತ್ತಿ ಬಾಯಿಗೆ ಸುರಿದುಕೊಂಡರು. ಅರ್ಧ ನೀರು ಅವರ ಗೌನಿನ ಮೇಲೆ ಚೆಲ್ಲಿತು. ಮೇಡಂ ಕಣ್ಣು ಮುಚ್ಚಿಕೊಂಡರು.

ಅತಿಥಿ ಅಂಗೈಯಿಂದ ಬಾಯಿ ಒರೆಸಿಕೊಂಡರು. "ಅಭ್ಯಾಸ ತಪ್ಪೋಗಿದೆ ಕಣಮ್ಮ. ಇನ್ನೊಂದ್ಸಲ ತುಂಬಿಸ್ಕೊಂಡ್ ಬನ್ನಿ."