ಲೋವೆಲ್ ಸ್ಟಕಿಯ ಆರು ಮೃಗಗಳು

ಲೋವೆಲ್ ಸ್ಟಕಿ ನನ್ನ ಆಟಗಳ ಅಂಗಡಿಗೆ ಬಂದರೆ ಮೊದಲು ಕುರ್ಚಿ ಹುಡುಕುತ್ತಾನೆ, ಮಾತು ಆಮೇಲೆ. ಹತ್ತೊಂಬತ್ತು ವರ್ಷದಿಂದ ಇದನ್ನೇ ನೋಡುತ್ತಿದ್ದೇನೆ.

"ಏನಯ್ಯಾ, ಇಲ್ಲಿಗೆ ಆಡೋಕೆ ಬರ್ತೀಯೋ, ನಿದ್ದೆ ಹೊಡೆಯೋಕೆ ಬರ್ತೀಯೋ?" ಎಂದು ಕೇಳಿದರೆ, "ನಿನ್ನ ಅಂಗಡೀಲಿ ಎರಡಕ್ಕೂ ಜಾಗ ಇದೆ ಬಿಡು ಮಾರ್ಲಾ," ಅನ್ನುತ್ತಾನೆ. ವಯಸ್ಸು ನಲವತ್ತೇಳು. ಹೊಸಬರು ಅವನನ್ನು ನನ್ನ ಅಣ್ಣ ಅಂದುಕೊಳ್ಳುತ್ತಾರೆ. ನನಗೆ ಅರವತ್ತೊಂದು. ಇದಕ್ಕೆ ನಗುವುದೋ ಅಳುವುದೋ ನನಗೆ ಇವತ್ತಿಗೂ ತಿಳಿದಿಲ್ಲ.

ಅವನ ಕೆಲಸ ನಮ್ಮ ಫೋರ್ಟ್ ವೇನ್ ಊರಾಚೆಯ ಶಾಲಾ ಬಸ್ಸುಗಳ ಡಿಪೋದಲ್ಲಿ. ಬೆಳಗಿನ ನಾಲ್ಕೂವರೆಗೆ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. ಒಬ್ಬಳಿಗೆ ಜ್ವರ, ಒಬ್ಬನ ಕಾರು ಹಿಮದಲ್ಲಿ ಹೂತಿದೆ, ಇನ್ನೊಬ್ಬನಿಗೆ ಹೆಂಡತಿಯ ಜೊತೆ ಜಗಳ. ಮೂವತ್ತನಾಲ್ಕು ದಾರಿಗಳಿಗೆ ಇರುವುದು ಇಪ್ಪತ್ತೊಂಬತ್ತು ಚಾಲಕರು. ಏಳು ಗಂಟೆಯ ಹೊತ್ತಿಗೆ ಯಾವ ಮಗುವೂ ರಸ್ತೆ ಬದಿಯಲ್ಲಿ ನಡುಗುತ್ತಾ ನಿಂತಿರಬಾರದು. ಲೋವೆಲ್ ಹಲಗೆಯ ಮೇಲಿನ ಹೆಸರುಗಳನ್ನು ಅತ್ತಿಂದಿತ್ತ ಸರಿಸಿ, ಎರಡು ದಾರಿ ಸೇರಿಸಿ ಒಂದು ಮಾಡಿ, ಬೇಡಿಕೊಂಡು, ಬೈಸಿಕೊಂಡು ಎಲ್ಲರನ್ನೂ ಕೂರಿಸುತ್ತಾನೆ. ಕೊನೆಗೆ ಒಂದು ಬಸ್ಸು ಉಳಿದೇ ಉಳಿಯುತ್ತದೆ. ಅದನ್ನು ತಾನೇ ಓಡಿಸುತ್ತಾನೆ.

ಶನಿವಾರ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಅವನು ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

ಪರದೆಯ ಮುಂದೆ ಗುಂಡಿ ಒತ್ತಿ ಆಡುವ ಮೃಗಗಳ ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ಪ್ರತಿಯೊಬ್ಬರೂ ಆರು ಮೃಗಗಳ ತಂಡ ಕಟ್ಟಿಕೊಂಡು ಬರಬೇಕು. ಕಾದಾಟಕ್ಕೆ ಮೊದಲು ಇಬ್ಬರೂ ಎದುರಿನವರ ಆರನ್ನು ನೋಡಿ, ತಮ್ಮ ಆರರಲ್ಲಿ ನಾಲ್ಕನ್ನು ಆರಿಸಿಕೊಂಡು ಕಣಕ್ಕಿಳಿಸಬೇಕು. ಆರಿಸಲು ತೊಂಬತ್ತು ಸೆಕೆಂಡು. ಬೆಂಕಿಗೆ ಹೆದರುವ ಮೃಗವಿದೆ, ನೀರಿಗೆ ಹೆದರುವುದಿದೆ, ಸಿಡಿಲಿಗೆ ಹೆದರುವುದಿದೆ. ಯಾವುದಕ್ಕೂ ಹೆದರದ ಮೃಗ ಮಾತ್ರ ಇಲ್ಲ. ಹುಡುಗು ಬುದ್ಧಿಯವರು ಬಲವಾದ ಆರನ್ನು ಗುಡ್ಡೆ ಹಾಕಿಕೊಂಡು ಬಂದು ಹೊಡೆಸಿಕೊಂಡು ಹೋಗುತ್ತಾರೆ.

ಲೋವೆಲ್ ತಂಡ ಕಟ್ಟುವ ಕ್ರಮವೇ ಬೇರೆ. ಅವನ ಜೇಬಿನಲ್ಲಿ ಗಟ್ಟಿ ಕಾಗದದ ಚೀಟಿಗಳ ಕಟ್ಟು ಇರುತ್ತದೆ. ಒಂದೊಂದರ ಮೇಲೆ ಒಂದು ಮೃಗದ ಹೆಸರು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಅದು ಯಾವುದಕ್ಕೆ ಹೆದರುತ್ತದೆ ಎಂದು ಬರೆದಿರುತ್ತಾನೆ. ಬಲ ಎಷ್ಟು, ವೇಗ ಎಷ್ಟು ಎಂಬುದನ್ನು ಬರೆಯುವುದಿಲ್ಲ, ಅದೆಲ್ಲ ಅವನ ತಲೆಯಲ್ಲೇ ಇದೆ. ಮೇಜಿನ ಮೇಲೆ ಚೀಟಿಗಳನ್ನು ಮಗುಚಿಟ್ಟು, ಒಂದರ ಹೆದರಿಕೆಗೆ ಇನ್ನೊಂದು ಅಡ್ಡ ನಿಲ್ಲುತ್ತದೋ ಎಂದು ನೋಡುತ್ತಾನೆ. ಆರೂ ಹೆದರಿಕೆಗಳಿಗೆ ಅಡ್ಡ ನಿಲ್ಲುವವರು ಸಿಕ್ಕರೆ ತಂಡ ಸಿಕ್ಕಿತು ಅಂತ ಲೆಕ್ಕ.

ತಂಡ ಕಟ್ಟಿಸಿಕೊಳ್ಳಲು ಬೇರೆಯವರು ಬಂದರೆ, ಮೃಗಗಳಿಗಿಂತ ಮೊದಲು ಅವನು ನೋಡುವುದು ಆಡುವವರನ್ನು. "ನಿಂಗ್ಯಾವ ಮೃಗ ಇಷ್ಟ?" ಎಂದು ಕೇಳುವುದೇ ಇಲ್ಲ. ನಾಲ್ಕು ಆಟ ಸೋಲಲು ಬಿಟ್ಟು ಪಕ್ಕದಲ್ಲಿ ಕೂರುತ್ತಾನೆ. ನಲ್ಲಿ ರಿಪೇರಿಯ ಕ್ಲಿಫರ್ಡ್ ಪೆಟ್ಟು ಬಿದ್ದ ಕೂಡಲೇ ಎದ್ದುಬಿದ್ದು ಎಲ್ಲವನ್ನೂ ಬದಲಿಸುವವನು. ಅವನಿಗೆ ಲೋವೆಲ್ ಕಟ್ಟಿಕೊಟ್ಟದ್ದು ಬಡಪೆಟ್ಟಿಗೆ ಅಲುಗದ, ನಿಧಾನದ ತಂಡ. "ಇದ್ರಲ್ಲಿ ನೀನು ಗಾಬರಿಯಾದ್ರೂ ಇವು ಗಾಬರಿ ಆಗಲ್ಲ ಕಣೋ," ಅಂದಿದ್ದ. ಕ್ಲಿಫರ್ಡ್ ಆ ವರ್ಷ ರಾಷ್ಟ್ರ ಮಟ್ಟದ ಪಂದ್ಯಕ್ಕೆ ಹೋಗಿ ಬಂದ. ಹಾಗೆ ಲೋವೆಲ್ ಕಟ್ಟಿದ ತಂಡ ಹಿಡಿದು ಹೋದವರು ಕಳೆದ ವರ್ಷದವರೆಗೆ ಹನ್ನೊಂದು ಮಂದಿ.

ಹನ್ನೆರಡನೆಯವನಾಗಿ ತಾನು ಹೋಗಬೇಕು ಎಂಬುದು ಅವನ ಆಸೆಯಾಗಿತ್ತು. ಬಾಯಿ ಬಿಟ್ಟು ಹೇಳಿದ್ದು ಕಳೆದ ಅಕ್ಟೋಬರಿನಲ್ಲಿ. ಹೆಬ್ಬೆರಳ ಕೀಲು ಸವೆದಿದೆ, ಇನ್ನು ಗುಂಡಿ ಒತ್ತುವ ಆಟ ಸಾಕು ಎಂದು ವೈದ್ಯರು ಹೇಳಿದ್ದರಂತೆ.

"ಇದೇ ಕೊನೇ ವರ್ಷ ಮಾರ್ಲಾ. ಒಂದ್ಸಲ ಆ ಮೇಜಿನ ಮುಂದೆ ನನ್ನ ಹೆಸರಿಟ್ಟು ನಾನೇ ಕೂತ್ಕೋಬೇಕು."

"ಹಾಗಿದ್ರೆ ಊರಿನವರ ಚಾಕರಿ ಬಿಟ್ಟು ನಿನ್ನದು ಕಟ್ಟು."

"ಕಟ್ತೀನಿ, ಕಟ್ತೀನಿ."

ಚಳಿಗಾಲ ಪೂರ್ತಿ ಕಟ್ಟಿದ. ಬಸ್ಸು ನಿಲ್ಲಿಸಿ ಮಕ್ಕಳಿಗಾಗಿ ಕಾಯುವಾಗಲೂ ಸ್ಟೀರಿಂಗ್ ಮೇಲೆ ಚೀಟಿ ಜೋಡಿಸುತ್ತಿದ್ದನಂತೆ. ಮಾರ್ಚ್ ಹೊತ್ತಿಗೆ ಅವನ ಆರು ಸಿದ್ಧವಾದವು: ಉಪ್ಪುಮೊಸಳೆ, ಮಂಜುಬಾವಲಿ, ಕಡಲಹದ್ದು, ಕಲ್ಲುಕೋಣ, ಕೆಸರುಹಂದಿ, ಮಿಂಚುಗೂಬೆ. ನಾವು ಕರೆಯುವ ಹೆಸರುಗಳಿವು. ಆಟದ ಪೆಟ್ಟಿಗೆಯ ಮೇಲಿರುವ ಹೆಸರು ಹೇಳಹೊರಟರೆ ನಾಲಿಗೆ ಹೊರಳುವುದಿಲ್ಲ. ಅಂಥ ಹದವಾದ ತಂಡವನ್ನು ನಾನು ನೋಡಿರಲಿಲ್ಲ. ಮೂರು ಶನಿವಾರ ಅದನ್ನು ಯಾರಿಂದಲೂ ಮುರಿಯಲಾಗಲಿಲ್ಲ.

ಇನ್ನುಳಿದದ್ದು ಇಂಡಿಯಾನಾಪೊಲಿಸ್‌ನ ಪಂದ್ಯ, ವರ್ಷದ ಕಡೆಯದು. ಅಲ್ಲಿ ಕೊನೆಯ ಎಂಟರೊಳಗೆ ಬಂದರೆ ಲೋವೆಲ್‌ಗೆ ರಾಷ್ಟ್ರ ಮಟ್ಟಕ್ಕೆ ಕರೆ ಬರುತ್ತಿತ್ತು.

ಪಂದ್ಯಕ್ಕೆ ಎರಡು ದಿನವಿರುವಾಗ, ಗುರುವಾರ, ಇವೆಟ್ ಲೋವೆಲ್‌ಗೆ ಫೋನ್ ಮಾಡಿದಳು. ಇವೆಟ್ ಹಲ್ಲಿನ ಆಸ್ಪತ್ರೆಯಲ್ಲಿ ಹಲ್ಲು ಶುಚಿ ಮಾಡುವವಳು, ಇಪ್ಪತ್ತೊಂಬತ್ತರ ಹೆಂಗಸು, ಎರಡು ವರ್ಷದಿಂದ ನಮ್ಮ ಹಿಂದಿನ ಕೋಣೆಯ ಗಿರಾಕಿ. ಆಟದವರು ನಿಯಮ ಬದಲಿಸಿ ಅವಳ ತಂಡದ ಎರಡು ಮೃಗಗಳನ್ನು ಹೊರಗಿಟ್ಟಿದ್ದರು. ಅಳುತ್ತಿದ್ದಳಂತೆ. ಲೋವೆಲ್ ಡಿಪೋದಿಂದ ನೇರ ಅವಳ ಮನೆಗೆ ಹೋಗಿ, ಮೂರು ಗಂಟೆ ಕೂತು, ತನ್ನ ಆರನ್ನೇ ಅವಳಿಗೂ ಕಟ್ಟಿಕೊಟ್ಟು ಬಂದ.

ನನಗೆ ಗೊತ್ತಾದದ್ದು ಶನಿವಾರ ಬೆಳಿಗ್ಗೆ, ಇಂಡಿಯಾನಾಪೊಲಿಸ್‌ಗೆ ಹೋಗುವ ದಾರಿಯಲ್ಲಿ. ಕಾರು ಅವನದು.

"ನಿನ್ನದನ್ನೇ ಕೊಟ್ಯಾ? ನಾಲ್ಕು ತಿಂಗಳು ಕಟ್ಟಿದ್ದನ್ನ?"

"ಎರಡು ದಿನದಲ್ಲಿ ಬೇರೆ ಕಟ್ಟೋಕಾಗಲ್ಲ. ಅವಳ ಸ್ವಭಾವಕ್ಕೆ ಅದು ಹೊಂದುತ್ತೆ."

"ನಿನ್ನ ಸ್ವಭಾವಕ್ಕೆ ಏನು ಹೊಂದುತ್ತಪ್ಪಾ? ಕಂಡೋರ ಕಾಲಿಗೆ ಚಪ್ಪಲಿ ಆಗೋದಾ?"

"ಕೂಗಬೇಡ ಮಾರಾಯ್ತಿ, ತಲೆ ಸಿಡೀತಿದೆ. ಮುನ್ನೂರು ಜನ ಬರ್ತಾರೆ. ಅವಳು ನನಗೇ ಸಿಗಬೇಕು ಅಂತ ಏನಿದೆ?"

ಆ ಬೆಳಿಗ್ಗೆಯೂ ಅವನು ಐದಕ್ಕೇ ಎದ್ದು ಡಿಪೋಗೆ ಹೋಗಿ ಬಂದಿದ್ದ. ಯಾವುದೋ ಶಾಲೆಯ ಮಕ್ಕಳ ಬ್ಯಾಂಡ್ ತಂಡಕ್ಕೆ ಬಸ್ಸು ಹೊರಡಿಸಬೇಕಿತ್ತಂತೆ. ನನಗೆ ಬಂದ ಕೋಪಕ್ಕೆ ಕಿಟಕಿಯ ಕಡೆ ತಿರುಗಿ ಕೂತೆ.

ಪಂದ್ಯದ ನಿರ್ಣಾಯಕರಲ್ಲಿ ನಾನೂ ಒಬ್ಬಳು. ಸಭಾಂಗಣದಲ್ಲಿ ನಿರ್ಣಾಯಕರ ಕಪ್ಪು ಅಂಗಿ ತೊಟ್ಟು ಮೇಜಿಂದ ಮೇಜಿಗೆ ತಿರುಗಿದೆ. ಲೋವೆಲ್ ಗೆಲ್ಲುತ್ತಾ ಹೋದ. ಊಟಕ್ಕೆ ಕೈಯಗಲ ಮೀರಿದ ಹಂದಿಮಾಂಸದ ಸ್ಯಾಂಡ್‌ವಿಚ್ ತಂದುಕೊಟ್ಟೆ. ಎರಡು ತುತ್ತು ತಿಂದು ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟ. ಹೆಬ್ಬೆರಳಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಮುನ್ನೂರರಲ್ಲಿ ಹದಿನಾರು ಮಂದಿ ಉಳಿದರು. ಗೋಡೆಗೆ ಹೊಸ ಪಟ್ಟಿ ಅಂಟಿಸಿದಾಗ ಎರಡು ಸಲ ಓದಿದೆ. ಹದಿಮೂರನೇ ಮೇಜು: ಲೋವೆಲ್ ಸ್ಟಕಿ, ಇವೆಟ್ ಒರ್ಟೇಗಾ. ಗೆದ್ದವರು ಎಂಟರೊಳಗೆ. ಆ ಮೇಜಿನ ನಿರ್ಣಾಯಕಿ ನಾನೇ. ಬೇರೆಯವರನ್ನು ಹಾಕಿ ಎಂದು ಸಂಘಟಕರನ್ನು ಕೇಳಿದರೆ, "ಇಲ್ಲಿ ಯಾರಿಗೆ ಯಾರು ಗೊತ್ತಿಲ್ಲ ಮಾರ್ಲಾ, ಹೋಗಿ ನಿಂತ್ಕೊಳ್ಳಿ," ಅಂದರು.

ಇವೆಟ್ ಕೂರದೆ ನಿಂತೇ ಇದ್ದಳು. "ಲೋವೆಲ್, ನಾನು ಬಿಟ್ಟುಕೊಡ್ಲಾ? ನಿಮ್ಮದೇ ತಂಡ ಇದು."

"ಬಾಯ್ಮುಚ್ಚಿ ಕೂತ್ಕೊ," ಅಂದ ಲೋವೆಲ್ ನಗುತ್ತಾ. "ಬಿಟ್ಟುಕೊಟ್ರೆ ನಿನ್ನ ಜೊತೆ ಮಾತೇ ಆಡಲ್ಲ."

ಮೂರರಲ್ಲಿ ಎರಡು ಗೆಲ್ಲಬೇಕು. ಎರಡೂ ಕಡೆ ಅದೇ ಆರು ಮೃಗಗಳು. ಮೊದಲನೆಯದು ಲೋವೆಲ್‌ಗೆ, ಎರಡನೆಯದು ಇವೆಟ್‌ಗೆ ಹೋಯಿತು. ಮೂರನೆಯದಕ್ಕೆ ಪರದೆಯ ಮೇಲೆ ಆರು ಎದುರು ಆರು ಬಂದು ನಿಂತವು. ತೊಂಬತ್ತು ಸೆಕೆಂಡು ಓಡಲು ಶುರುವಾಯಿತು.

ಇವೆಟ್ ಇಪ್ಪತ್ತು ಸೆಕೆಂಡಿನಲ್ಲಿ ಆರಿಸಿ ಮುಗಿಸಿದಳು. ಲೋವೆಲ್ ನೋಡುತ್ತಲೇ ಇದ್ದ. ಅವಳು ಏನು ಆರಿಸುತ್ತಾಳೆಂದು ಅವನಿಗೆ ಗೊತ್ತು, ಅವನೇ ಹೇಳಿಕೊಟ್ಟದ್ದು. ಅದಕ್ಕೆ ಎದುರಾಗಿ ಏನಿಡಬೇಕೆಂದೂ ಗೊತ್ತು. ಅವನು ಅದನ್ನಿಡುತ್ತಾನೆಂದು ಅವಳು ಊಹಿಸಿದರೆ? ಆಗ ಅವಳು ಇನ್ನೊಂದು ಇಡಬೇಕು ಎಂದೂ ಹೇಳಿಕೊಟ್ಟವನು ಅವನೇ. ಅವನ ತುಟಿ ಅಲುಗುತ್ತಿತ್ತು. ನಲವತ್ತು, ಮೂವತ್ತು. ಅವನ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತ್ತು. ಹತ್ತು. ನಾನು ತುಟಿ ಬಿಚ್ಚುವ ಹಾಗಿಲ್ಲ. ಅಂಗಿಯ ಅಂಚನ್ನು ಹಿಂಡುತ್ತಾ, ಒತ್ತೋ, ಯಾವುದನ್ನಾದರೂ ಒತ್ತೋ ಮುಠ್ಠಾಳ, ಎಂದು ಒಳಗೊಳಗೇ ಕಿರುಚಿಕೊಂಡೆ.

ಅವನು ಒತ್ತಲಿಲ್ಲ.

ಸಮಯ ಮುಗಿದರೆ ಆಟವೇ ಪಟ್ಟಿಯ ಮೊದಲ ನಾಲ್ಕನ್ನು ಕಣಕ್ಕೆ ತಳ್ಳುತ್ತದೆ. ಇಬ್ಬರ ಪಟ್ಟಿಯೂ ನನ್ನ ಕೈಯಲ್ಲಿತ್ತು. ಲೋವೆಲ್‌ನ ಮೊದಲ ನಾಲ್ಕರಲ್ಲಿ ಮೊಸಳೆ, ಬಾವಲಿ, ಹದ್ದು ಮೂರೂ ಸಿಡಿಲಿಗೆ ಹೆದರುವವು. ನಾಲ್ಕನೆಯ ಕಲ್ಲುಕೋಣ ಹೆದರುವುದಿಲ್ಲ, ಆದರೆ ಒಂಟಿಯಾಗಿ ಏನು ಮಾಡೀತು? ಸಿಡಿಲಿಗೆ ಅಡ್ಡ ನಿಲ್ಲುವ ಕೆಸರುಹಂದಿ ಐದನೆಯ ಸಾಲಿನಲ್ಲಿತ್ತು. ಮೃಗಗಳು ಕೈಗೆ ಸಿಕ್ಕ ಕ್ರಮದಲ್ಲೇ ಅವನು ಬರೆದುಕೊಂಡು ಹೋಗಿದ್ದ. ಇವೆಟ್‌ಳ ಪಟ್ಟಿಯಲ್ಲಿ ಅದೇ ಆರು ಬೇರೆ ಕ್ರಮದಲ್ಲಿದ್ದವು. ಕೆಸರುಹಂದಿ ಮೂರನೆಯದು, ಮಿಂಚುಗೂಬೆ ಎರಡನೆಯದು. ಅವಳಿಗೆ ಕೈಕಾಲು ಆಡದೆ ಸಮಯ ಮೀರಿದರೂ ಒಂದು ಗಟ್ಟಿ ನಾಲ್ಕು ಕಣಕ್ಕಿಳಿಯುವ ಹಾಗೆ ಲೋವೆಲ್ ಜೋಡಿಸಿಕೊಟ್ಟಿದ್ದ. ತನ್ನ ಪಟ್ಟಿಗೆ ಆ ಎರಡು ನಿಮಿಷವನ್ನು ಅವನು ಕೊಟ್ಟಿರಲಿಲ್ಲ.

ಇವೆಟ್‌ಳ ಕಡೆಯಿಂದ ಸಿಡಿಲು ಕಾರುವ ಮಿಂಚುಗೂಬೆ ಬಂತು. ಆರು ಸುತ್ತಿನಲ್ಲಿ ಆಟ ಮುಗಿಯಿತು.

ಲೋವೆಲ್ ಎದ್ದು ಇವೆಟ್‌ಳ ಕೈ ಕುಲುಕಿ, "ಚೆನ್ನಾಗಿ ಆಡ್ದೆ," ಅಂದು, ಹೊರಗಿನ ಓಣಿಗೆ ನಡೆದ. ನಾನು ಫಲಿತಾಂಶದ ಚೀಟಿಗೆ ಸಹಿ ಹಾಕಿ ಅವನ ಹಿಂದೆ ಓಡಿದೆ. ಗೋಡೆಗೆ ಒರಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದ. ನಾನೂ ಪಕ್ಕದಲ್ಲಿ ಕೂತೆ.

"ಬೇಜಾರಾಯ್ತಾ?" ಅಂದೆ.

ಅವನು ಹೆಬ್ಬೆರಳನ್ನು ನೀವಿಕೊಂಡ. "ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ. ಟೈಮ್ ಮುಗೀತಲ್ಲ, ಆಗ ನಂಗೆ ಹಾಯೆನಿಸ್ತು."

"ಏನಂದೆ?"

"ಯಾರನ್ನ ಎಲ್ಲಿ ನಿಲ್ಲಿಸ್ಲಿ, ಯಾರ ಜಾಗಕ್ಕೆ ಯಾರನ್ನ ಕಳಿಸ್ಲಿ, ದಿನಾ ಬೆಳಗಾದ್ರೆ ಇದೇ. ಇವತ್ತು ಆಟವೇ ಆರಿಸ್ಕೊಂಡುಬಿಡ್ತು. ನಾನು ಕೈಬಿಟ್ಟೆ, ಮಾರ್ಲಾ. ಬೇಕಂತಲೇ ಬಿಟ್ನೋ ಏನೋ, ನಂಗೇ ಗೊತ್ತಿಲ್ಲ."

ಹತ್ತೊಂಬತ್ತು ವರ್ಷ ಅವನ ದಣಿವನ್ನು ತಮಾಷೆ ಮಾಡಿಕೊಂಡು ಬಂದವಳು ನಾನು. ಆಗ ನನಗೆ ನಾಚಿಕೆಯಾಯಿತು.

ಅಷ್ಟರಲ್ಲಿ ಇವೆಟ್ ಓಡಿಬಂದಳು. ಕೈಯಲ್ಲಿ ಮುಂದಿನ ಎದುರಾಳಿಯ ಪಟ್ಟಿ. "ಲೋವೆಲ್, ಇನ್ನು ಹತ್ತು ನಿಮಿಷದಲ್ಲಿ ಕರೀತಾರೆ. ಇವನ ತಂಡದಲ್ಲಿ ಬೆಂಕಿಯವು ಮೂರಿವೆ. ನಾನು ಯಾವ ನಾಲ್ಕು ತಗೊಳ್ಲಿ?"

ಲೋವೆಲ್ ಕೈ ಚಾಚಿ ಪಟ್ಟಿ ತೆಗೆದುಕೊಳ್ಳುತ್ತಾನೆಂದು ನಾನು ಕಾದೆ. ಅವಳೂ ಕಾದಳು.

"ನಿಂಗೆ ಯಾವುದು ಇಷ್ಟಾನೋ ಅದು ತಗೊ," ಅಂದ.

"ಅಂದ್ರೆ? ಕೋಪಾನಾ ನನ್ನ ಮೇಲೆ?"

"ಇಲ್ಲ ಕಣಮ್ಮ, ಕೋಪ ಇಲ್ಲ. ಹೋಗು, ಆಡು."

ಅವಳು ಎರಡು ಸಲ ಹಿಂತಿರುಗಿ ನೋಡುತ್ತಾ ಹೋದಳು. ಅವನು ತಲೆಯನ್ನು ಗೋಡೆಗೆ ಆನಿಸಿ, ಆ ಗದ್ದಲದ ನಡುವೆಯೇ ಕಣ್ಣು ಮುಚ್ಚಿದ. ಒಂದು ನಿಮಿಷದಲ್ಲಿ ನಿದ್ದೆ ಹತ್ತಿತು, ಬಾಯಿ ಸ್ವಲ್ಪ ತೆರೆದುಕೊಂಡಿತು. ಮುಂದಿನ ವರ್ಷದ ತಂಡ ಕಟ್ಟಿಸಿಕೊಳ್ಳಲು ಕ್ಲಿಫರ್ಡ್ ಬಂದ. ಅವನ ಹಿಂದೆ ಗುರುತಿಲ್ಲದ ಇನ್ನಿಬ್ಬರು ಬಂದರು. "ನಡೀರಿ ಅತ್ಲಾಗೆ, ಇವತ್ತು ಯಾರಿಗೂ ಏನೂ ಇಲ್ಲ," ಎಂದು ಮೂವರನ್ನೂ ಗದರಿ ಕಳಿಸಿದೆ. ಒಂಬತ್ತನೇ ಮೇಜಿಗೆ ನಿರ್ಣಾಯಕಿ ಮಾರ್ಲಾ ಬರಬೇಕು ಎಂದು ಮೈಕಿನಲ್ಲಿ ಎರಡು ಸಲ ಕರೆದರು. ನಾನು ಏಳಲಿಲ್ಲ.