ಶಮಶಾದಬಿಯ ಕಣ್ಣಿಗೆ ಬಿದ್ದ ಹಲ್ಲು

ಮುದ್ದೇಬಿಹಾಳದ ಮಾರುಕಟ್ಟೆ ಪ್ರಾಂಗಣದಲ್ಲಿ ಕಾಳು ಹಸನು ಮಾಡುವ ಹೆಂಗಸರ ಪೈಕಿ ಶಮಶಾದಬಿಯ ಕಣ್ಣಿಗೆ ಹೆಸರಿತ್ತು. ತೊಗರಿ ರಾಶಿಯೊಳಗೆ ತೊಗರಿಯದೇ ಬಣ್ಣದ ಹರಳು ಅಡಗಿದ್ದರೂ ಅವಳ ಬೆರಳು ನೇರ ಅಲ್ಲಿಗೇ ಹೋಗುತ್ತಿತ್ತು. ಮೂವತ್ತು ವರ್ಷ ಅದೇ ಕೆಲಸ. ಮದುವೆಯಾದ ಎರಡನೇ ವರ್ಷವೇ ಗಂಡ ಇಂಡಿ ಊರಿನ ಹತ್ತಿರ ಲಾರಿ ಮಗುಚಿ ತೀರಿಕೊಂಡಿದ್ದ. ತಂಗಿ ತರನ್ನುಮಳಿಗೆ ಮದುವೆಯೇ ಕೂಡಿಬರಲಿಲ್ಲ. ಹೀಗಾಗಿ ಅಕ್ಕತಂಗಿ ಒಂದೇ ಮನೆಯಲ್ಲಿ ಉಂಡು, ಒಂದೇ ರಾಶಿಯ ಮುಂದೆ ಕೂತು ಕಾಲ ಕಳೆದವರು. ಮಾತೆಲ್ಲ ತಂಗಿಯದು, ಕೇಳುವುದೆಲ್ಲ ಅಕ್ಕನದು.

ನಾಲ್ಕು ವರ್ಷದ ಹಿಂದೆ ತರನ್ನುಮ ಕಾಮಾಲೆಯಾಗಿ ತೀರಿಹೋದಳು. ಮರುವರ್ಷ ಪ್ರಾಂಗಣಕ್ಕೆ ಕಾಳು ಹಸನು ಮಾಡುವ ಮಷೀನು ಬಂತು. ಹೆಂಗಸರಿಗೆ ಬರಬೇಡಿ ಎಂದು ಯಾರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಶಮಶಾದಬಿ ಒಂದು ಹಾಸ್ಟೆಲಿನಲ್ಲಿ ಬೆಳಗಿನ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಹತ್ತು ಗಂಟೆಗೆ ಅದು ಮುಗಿಯುತ್ತಿತ್ತು. ಆಮೇಲೆ ಇಡೀ ದಿನ ಮನೆಯಲ್ಲಿ ಬಾಯಿ ಬಿಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ. ಒಮ್ಮೆ ಬಾಗಿಲಿಗೆ ಬಂದ ಗ್ಯಾಸಿನವನಿಗೆ ಉತ್ತರ ಕೊಡಲು ಹೋದರೆ ದನಿ ಗಂಟಲಲ್ಲೇ ಸಿಕ್ಕಿಕೊಂಡಿತು. ಅಂದು ಅವಳಿಗೆ ತನ್ನ ಬಗ್ಗೆ ತನಗೇ ಅಂಜಿಕೆಯಾಯಿತು.

ಆ ಬೇಸಿಗೆಯಲ್ಲಿ ತಾಳಿಕೋಟಿ ರಸ್ತೆಯ ದೊಡ್ಡ ಮನೆಯಿಂದ ಕರೆ ಬಂತು. ಆ ಮನೆಯ ಜೋಳವನ್ನು ಅವಳೇ ಎಷ್ಟೋ ವರ್ಷ ಹಸನು ಮಾಡಿಕೊಟ್ಟಿದ್ದಳು. ಮಗಳು ಭುವನೇಶ್ವರಿ ಬಾಣಂತನಕ್ಕೆಂದು ತವರಿಗೆ ಬಂದಿದ್ದಳು. ಉತ್ತರದ ಕಡೆ ಯಾವುದೋ ಸಂಸ್ಥೆಯಲ್ಲಿ ನೆಲದೊಳಗಿನ ಹಳೆಯ ಎಲುಬು, ಹಲ್ಲುಗಳ ಅಭ್ಯಾಸ ಮಾಡುವ ಹುಡುಗಿ. ಕೂಸಿನ ತೊಟ್ಟಿಲ ಜೊತೆಗೆ ನಾಲ್ಕು ಚೀಲ ಮಣ್ಣನ್ನೂ ತಂದಿದ್ದಳು. ಮಧ್ಯಪ್ರದೇಶದ ಕೆಂಪು ಮಣ್ಣು, ತೊಳೆದು ಜರಡಿ ಹಿಡಿದು ಒಣಗಿಸಿದ್ದು.

"ಇದರಾಗ ಏನ ಹುಡಕಬೇಕ್ರಿ ಅಕ್ಕಾರ?" ಎಂದಳು ಶಮಶಾದಬಿ.

"ಹಲ್ಲ, ಖಾಲಾ. ಸಾಸಿವಿಕಾಳಷ್ಟ ಇರ್ತಾವ, ಅದಕ್ಕಿಂತ ಸಣ್ಣನೂ ಇರ್ತಾವ. ಒಂದ ಸಾಲಿನಾಗ ಮೂರ್ನಾಕ ಮೊನಿ ಇರ್ತಾವ. ಚೀಲಕ್ಕ ಒಂದ ಸಿಕ್ಕರೂ ನಮ್ಮ ಪುಣ್ಯ."

ಕಿಟಕಿಯ ಬಳಿ ಮೇಜು ಹಾಕಿ, ಕರಿ ಬಣ್ಣದ ತಟ್ಟೆಯಲ್ಲಿ ಒಂದು ಚಮಚ ಮಣ್ಣು ಹರಡಿ, ಭೂತಗನ್ನಡಿ ಹಿಡಿದು ಕೂಡಬೇಕು. ಕಂಡದ್ದನ್ನು ಒದ್ದೆ ಮಾಡಿದ ಸಣ್ಣ ಕುಂಚದ ತುದಿಯಿಂದ ಎತ್ತಿ, ಔಷಧದ ಖಾಲಿ ಕ್ಯಾಪ್ಸೂಲಿನೊಳಗೆ ಇಳಿಸಬೇಕು. ಫ್ಯಾನು ಮಾತ್ರ ಹಚ್ಚಕೂಡದು. ಎರಡೇ ದಿನದಲ್ಲಿ ಶಮಶಾದಬಿಗೆ ಕೈ ಕೂತಿತು. ಮೀನಿನ ಪೊರೆ ಹೊಳೆಯುತ್ತದೆ, ಎಲುಬಿನ ಚೂರಿಗೆ ರಂಧ್ರಗಳಿರುತ್ತವೆ, ಮೀನಿನ ಹಲ್ಲು ಮುಳ್ಳಿನಂತೆ ನೆಟ್ಟಗಿರುತ್ತದೆ. ಇವೆಲ್ಲ ಸಿಕ್ಕವು. ಬೇಕಾದದ್ದು ಸಿಗಲಿಲ್ಲ.

ಭುವನೇಶ್ವರಿ ಕೂಸಿಗೆ ಹಾಲು ಕುಡಿಸುತ್ತ ಅಲ್ಲೇ ಮಂಚದ ಮೇಲೆ ಕೂತಿರುತ್ತಿದ್ದಳು. ಅವಳಿಗೂ ಮಾತು ಬೇಕಾಗಿತ್ತು.

"ಇಲಿಯಷ್ಟ ಇದ್ದಿರಬೇಕ್ರಿ ಆ ಪ್ರಾಣಿ. ಆದ್ರ ಇಲಿ ಅಲ್ಲ. ಹಾಲ ಕುಡಿಸಿ ಮಕ್ಕಳನ್ನ ಬೆಳಸೂ ಪ್ರಾಣಿಗೋಳು ಅದಾವಲ್ಲ, ಆಕಳು, ನಾಯಿ, ನಾವು, ಅವು ಯಾವೂ ಇನ್ನಾ ಹುಟ್ಟಿರಲಿಲ್ಲ. ಇಪ್ಪತ್ತೆರಡು ಕೋಟಿ ವರ್ಷದ ಮಾತು. ನಮಗ ಮುತ್ತಜ್ಜ ಅಲ್ಲ ಅದು, ಮುತ್ತಜ್ಜನ ತಮ್ಮ ಅನ್ನಬೇಕು."

"ಹಾಲ ಕುಡಸ್ತಿತ್ತೇನ್ರಿ ತನ್ನ ಮರಿಗೋಳಿಗಿ?"

"ಗೊತ್ತಿಲ್ರಿ. ತತ್ತಿ ಇಡ್ತಿತ್ತು ಅಂತಾರ. ಮೈಮ್ಯಾಲ ಕೂದಲ ಇದ್ದಿರಬಹುದು ಅಂತಾರ. ನಮ್ಮ ಕೈಗಿ ಸಿಗೂದು ಹಲ್ಲಷ್ಟ."

"ಅದರ ಪೈಕಿ ಈಗ ಯಾವುದೂ ಇಲ್ಲೇನ್ರಿ?"

"ಒಂದೂ ಉಳೀಲಿಲ್ಲ, ಖಾಲಾ."

ಶಮಶಾದಬಿ ಭೂತಗನ್ನಡಿ ಕೆಳಗಿಟ್ಟು, ಸ್ವಲ್ಪ ಹೊತ್ತು ಕೂಸಿನ ಚಪ್ಪರಿಕೆಯ ಸದ್ದು ಕೇಳುತ್ತ ಕೂತಳು. ಹತ್ತು ಗಂಟೆಗೆ ಹಾಸ್ಟೆಲಿನಿಂದ ಹೊರಬಿದ್ದು ಈ ಮನೆಗೆ ಬರುವಾಗ ಅವಳ ಕಾಲಿಗೆ ಈಗೀಗ ಅವಸರ ಹುಟ್ಟಿತ್ತು.

ಮೂರನೇ ಚೀಲ ಅರ್ಧಕ್ಕೆ ಬಂದಿತ್ತು. ಮಧ್ಯಾಹ್ನ ಕೆಂಡದಂಥ ಬಿಸಿಲು. ಊಟದ ಹೊತ್ತಿಗೆ ಹಚ್ಚಿದ್ದ ಫ್ಯಾನು ಕರೆಂಟು ಹೋಗಿ ನಿಂತಿತ್ತು. ಸ್ವಿಚ್ಚು ಆರಿಸಬೇಕೆಂಬುದು ಅವಳಿಗೆ ಹೊಳೆಯಲಿಲ್ಲ. ಭುವನೇಶ್ವರಿ ಒಳಕೋಣೆಯಲ್ಲಿ ಕೂಸಿನ ಜೊತೆ ಮಲಗಿದ್ದಳು. ತಟ್ಟೆಯ ಮೂಲೆಯಲ್ಲಿ ಕಂದು ಬಣ್ಣದ್ದೊಂದು ಕಂಡಿತು. ಭೂತಗನ್ನಡಿ ಹತ್ತಿರ ಹಿಡಿದಳು. ನಡುವೆ ಎತ್ತರದ್ದೊಂದು ಮೊನೆ, ಹಿಂದೆ ಮುಂದೆ ಗಿಡ್ಡ ಮೊನೆಗಳು, ಎಲ್ಲ ಒಂದೇ ಸಾಲಿನಲ್ಲಿ. ಕೆಳಗೆ ಬೇರು. ಕುಂಚದಿಂದ ಹೊರಳಿಸಿ ಆ ಮಗ್ಗುಲನ್ನೂ ನೋಡಿದಳು. ಕುಂಚ ಒದ್ದೆ ಮಾಡಲೆಂದು ನೀರಿನ ಬಟ್ಟಲಿಗೆ ಕೈ ಚಾಚಿದಳು, ಅಷ್ಟರಲ್ಲಿ ಕರೆಂಟು ಬಂತು.

ಅವಳು ಓಡಿಹೋಗಿ ಸ್ವಿಚ್ಚು ಆರಿಸುವಷ್ಟರಲ್ಲಿ ತಟ್ಟೆ ಬರಿದಾಗಿತ್ತು.

ಅಂದು ಅವಳು ಯಾರಿಗೂ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಹೇಳಿದರೆ ನಾಳೆಯಿಂದ ಬರಬೇಡಿ ಎಂದಾರು, ಮತ್ತೆ ಆ ಮನೆ, ಆ ಹಗಲು. ಹೇಳದಿದ್ದರೆ ಯಾರಿಗೂ ಗೊತ್ತಾಗುವ ಸಂಗತಿಯೇ ಅಲ್ಲ ಅದು. ಲೋಕದಲ್ಲಿ ಆ ಹಲ್ಲನ್ನು ಕಂಡವಳು ತಾನೊಬ್ಬಳೇ. ಈ ವಿಚಾರ ಬಂದಾಗ ಅವಳ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಕರಕಾಯಿತು. ಮೂರನೇ ದಿನ ಮಣ್ಣಿನ ಮುಂದೆ ಕೂಡದೆ ನಿಂತುಕೊಂಡೇ ಎಲ್ಲ ಹೇಳಿಬಿಟ್ಟಳು.

ಭುವನೇಶ್ವರಿ ಬೈಯಲಿಲ್ಲ. ಕೂಸು ಅಳುತ್ತಿತ್ತು, ಅದನ್ನು ಹೆಗಲಿಗೆ ಹಾಕಿಕೊಂಡು, "ಇರಲಿ ಬಿಡ್ರಿ ಖಾಲಾ, ಮೀನಿಂದ ಇದ್ದಿರಬೇಕು. ಕಣ್ಣ ದಣದಾಗ ಒಮ್ಮೊಮ್ಮಿ ಹಂಗ ಕಾಣತೈತಿ" ಎಂದಳು.

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೂವತ್ತು ವರ್ಷದಲ್ಲಿ ಶಮಶಾದಬಿಯ ಕಣ್ಣನ್ನು ಯಾರೂ ಸಂಶಯಿಸಿರಲಿಲ್ಲ. ಅವಳು ತಲೆ ತಗ್ಗಿಸಿ ಕೆಲಸಕ್ಕೆ ಕೂತಳು. ಆ ವಾರವೆಲ್ಲ ಕೋಣೆಯಲ್ಲಿ ಮಾತು ಹುಟ್ಟಲಿಲ್ಲ. ನಾಲ್ಕನೇ ಚೀಲವೂ ಮುಗಿಯಿತು. ಅದರಲ್ಲಿ ಮೀನು, ಮೀನು, ಬರೀ ಮೀನು.

ಭುವನೇಶ್ವರಿ ಗಂಡನ ಊರಿಗೆ ಹೊರಡಲು ಎರಡು ದಿನ ಉಳಿದಿದ್ದಾಗ ಶಮಶಾದಬಿ ಮೇಜು ಒರೆಸುತ್ತ, ಯಾರಿಗೆ ಎಂದಿಲ್ಲದೆ, "ಮೀನಿನ ಹಲ್ಲಿಗಿ ಗೆರಿ ಇರೂದಿಲ್ಲ" ಎಂದಳು.

"ಏನಂದ್ರಿ?"

"ಅವತ್ತಿನ ಹಲ್ಲಿನ ಬೇರಿಗಿ ಗೆರಿ ಇತ್ರಿ ಅಕ್ಕಾರ. ಗೋದಿಕಾಳಿನ ಹೊಟ್ಟಿಗಿ ಇರತೈತಲ್ಲ, ಹಂಗ. ಒಂದ ಬೇರು ಎರಡ ಆಗಾಕ ಹೊಂಟು ನಿಂತಂಗ."

ಕೂಸಿನ ಬಟ್ಟೆ ಮಡಚುತ್ತಿದ್ದ ಭುವನೇಶ್ವರಿಯ ಕೈ ನಿಂತಿತು. "ಒಂದ ಕಡೆ ಇತ್ತೋ, ಎರಡೂ ಕಡೆ?"

"ಎರಡೂ ಕಡೆ. ಹೊರಳಿಸಿ ನೋಡೇನಿ."

ಹುಡುಕುತ್ತಿದ್ದ ಹಲ್ಲಿನ ಗುರುತೇ ಆದ ಬೇರಿನ ಗೆರೆಯ ಮಾತನ್ನು ತಾನು ಈಕೆಗೆ ಎಂದೂ ಹೇಳಿರಲಿಲ್ಲ ಎಂಬುದು ಭುವನೇಶ್ವರಿಗೆ ನೆನಪಾಯಿತು. ಬಟ್ಟೆ ಬದಿಗೆ ಸರಿಸಿ, "ತಪ್ಪಾತ್ರಿ ಖಾಲಾ, ನಾ ಅವತ್ತ ನಿಮ್ಮ ಮಾತ ಪೂರಾ ಕೇಳಲಿಲ್ಲ" ಎಂದವಳೇ ನೆಲಕ್ಕೆ ಕೂತಳು. ಇಬ್ಬರೂ ಸೇರಿ ಮಂಚ ಸರಿಸಿದರು, ಚಾಪೆ ಕೊಡವಿದರು. ಕಿಟಕಿಯ ಸಂದು, ಗೋಡೆಯ ಬುಡ, ಹೊಸ್ತಿಲು, ಎಲ್ಲ ಕಡೆಯ ಧೂಳನ್ನೂ ಕುಂಚದಿಂದ ಗುಡಿಸಿ ಬಿಸ್ಕೀಟಿನ ಡಬ್ಬಿಗೆ ತುಂಬಿದರು. ನೋಡಲು ವೇಳೆ ಇರಲಿಲ್ಲ. ಡಬ್ಬಿ, ಭೂತಗನ್ನಡಿ, ತಟ್ಟೆ, ಕುಂಚ, ಖಾಲಿ ಕ್ಯಾಪ್ಸೂಲು ಶಮಶಾದಬಿಯ ಮನೆಗೆ ಬಂದವು. ಭುವನೇಶ್ವರಿ ರೈಲು ಹತ್ತಿದಳು.

ಆಮೇಲಿನ ದಿನಗಳು ಉದ್ದವಾಗಿದ್ದವು. ಹೊಸ್ತಿಲಲ್ಲಿ ಬಿಸಿಲು ಬೀಳುವಷ್ಟು ಹೊತ್ತು ಅವಳು ಚಿಟಿಕೆ ಚಿಟಿಕೆಯಾಗಿ ಧೂಳು ಹರಡಿ ನೋಡುತ್ತಿದ್ದಳು. ಕೂದಲು, ಇರುವೆಯ ಕಾಲು, ಸುಣ್ಣದ ಚಕ್ಕೆ, ಕೂಸಿನ ಪೌಡರು. ನಲವತ್ತೊಂದನೇ ದಿನ, ಕಿಟಕಿಯ ಸಂದಿನಿಂದ ತೆಗೆದ ಧೂಳಿನಲ್ಲಿ ಅದು ಸಿಕ್ಕಿತು. ಒಂದು ಗಿಡ್ಡ ಮೊನೆ ಮುರಿದಿತ್ತು. ಗೆರೆ ಹಾಗೆಯೇ ಇತ್ತು.

ಕ್ಯಾಪ್ಸೂಲಿಗೆ ಹಾಕಿ ಮುಚ್ಚಿ ಫೋನು ಮಾಡಿದಳು. ಭುವನೇಶ್ವರಿ ಎತ್ತಲಿಲ್ಲ. ಮತ್ತೆ ಮಾಡಿದಳು, ಎತ್ತಲಿಲ್ಲ. ಓಣಿಯಲ್ಲಿ ಬಾಳಮ್ಮ ಕೊಡ ಹೊತ್ತು ಬರುತ್ತಿದ್ದಳು. ಪ್ರಾಂಗಣದಲ್ಲಿ ಅವಳ ಜೊತೆಯೇ ಕಾಳು ಆರಿಸಿದವಳು. ಶಮಶಾದಬಿ ಅವಳನ್ನು ಕರೆದು ಕೂರಿಸಿ ಭೂತಗನ್ನಡಿ ಕೊಟ್ಟಳು.

"ಹಳೇ ಕಾಲದ ಪ್ರಾಣಿ ಹಲ್ಲ ಬಾಳಮ್ಮ. ನಾ ಹುಡಕೇನಿ."

ಬಾಳಮ್ಮ ಮೊದಲು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ನೋಡಿದಳು. "ಚಲೋ ಆತ ಬಿಡವ್ವ" ಎಂದು ಪ್ರೀತಿಯಿಂದಲೇ ಹೇಳಿ, ಕೊಡ ಎತ್ತಿಕೊಂಡು ಹೋದಳು.

ಅಂಥ ಸಂತೋಷ ಶಮಶಾದಬಿಗೆ ಹಿಂದೆಂದೂ ಆಗಿರಲಿಲ್ಲ. ಅದನ್ನು ಇಟ್ಟುಕೊಳ್ಳಲು ಮನೆಯಲ್ಲಿ ಜಾಗವೇ ಇಲ್ಲದಂತೆ ಅವಳು ಪಡಸಾಲೆಗೂ ಹಿತ್ತಲಿಗೂ ಸುಮ್ಮನೆ ಓಡಾಡಿದಳು. ಕೊನೆಗೆ ಗೋಡೆಗೆ ಒರಗಿ ಕೂತು, ಕ್ಯಾಪ್ಸೂಲನ್ನು ಮುಷ್ಟಿಯಲ್ಲಿ ಹಿಡಿದು ಅತ್ತಳು.

ಮರುದಿನ ಬೆಳಿಗ್ಗೆ ಫೋನು ಬಂತು. ಸುದ್ದಿ ಕೇಳಿ ಭುವನೇಶ್ವರಿ ಗೆರೆ ಹಾಗೆಯೇ ಇದೆಯೇ ಎಂದು ಕೇಳಿದಳು. ಆಮೇಲೆ, "ಟಪಾಲಿನಾಗ ಹಾಕಬ್ಯಾಡ್ರಿ ಖಾಲಾ. ನಾನ ಬರ್ತೇನಿ" ಎಂದಳು. ಎರಡು ತಿಂಗಳ ಮೇಲೆ ಬಂದಳು. ಜೊತೆಗೆ ತಂದಿದ್ದ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಳು, ಶಮಶಾದಬಿಗೂ ತೋರಿಸಿದಳು. ಹುಡುಕುತ್ತಿದ್ದ ಪ್ರಾಣಿಯದೇ ಹಲ್ಲು, ಅನುಮಾನವಿಲ್ಲ. ಅದಕ್ಕೊಂದು ನಂಬರು ಬರೆದು ಪೆಟ್ಟಿಗೆಯಲ್ಲಿಟ್ಟುಕೊಂಡಳು.

"ನಮ್ಮ ಕಡೆ ಬರ್ರಿ ಖಾಲಾ, ಅಲ್ಲೇ ಕೆಲಸ ಕೊಡಸ್ತೇನಿ."

"ಆ ಕಡೆ ಮಾತ ನನಗ ತಿಳಿಯೂದಿಲ್ರಿ. ಮಣ್ಣ ಇಲ್ಲಿಗೇ ಕಳಸ್ರಿ."

ಹಲ್ಲು ಹೋದ ಮೇಲೆ, ದಿನವೂ ಅದನ್ನು ತೆಗೆದು ನೋಡುತ್ತಿದ್ದ ಹೊತ್ತಿಗೆ ಸರಿಯಾಗಿ ಅವಳ ಕೈ ಕ್ಯಾಪ್ಸೂಲು ಇಟ್ಟಿದ್ದ ಗೋಡೆಯ ಗೂಡಿನ ಕಡೆ ಹೋಗಿ ಬರಿಗೈಯಾಗಿ ಬರುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ವಿಜಯಪುರದಿಂದ ಬಸ್ಸಿನ ಮೇಲೆ ಭುವನೇಶ್ವರಿ ಕಳಿಸಿದ ಎರಡು ಮಣ್ಣಿನ ಚೀಲ ಬಂದವು. ತಾನೊಬ್ಬಳೇ ಯಾಕೆ ಎಂದು ಶಮಶಾದಬಿ ಬಾಳಮ್ಮನನ್ನೂ ಕರೆದಳು. ಬಾಳಮ್ಮ ಎರಡು ದಿನ ಕೂತಳು. ಮೂರನೇ ದಿನ ಕಣ್ಣು ಉಜ್ಜಿಕೊಂಡು ಎದ್ದಳು.

"ನನ್ನ ಕೈಲೆ ಆಗೂದಿಲ್ಲವ್ವ. ಇದರಾಗ ಏನ ಸುಖ ಐತಿ ನಿನಗ?"

ಶಮಶಾದಬಿ ಅವಳ ಹಿಂದೆಯೇ ಬಾಗಿಲವರೆಗೆ ಬಂದಳು. ಬಾಳಮ್ಮ ಸೆರಗು ಕೊಡವಿಕೊಂಡು ಓಣಿಯ ತಿರುವು ದಾಟುವವರೆಗೆ ನೋಡಿದಳು. ಆಮೇಲೆ ಇನ್ನೊಂದು ಚಮಚ ಕೆಂಪು ಮಣ್ಣು ತೆಗೆದು ತಟ್ಟೆಯಲ್ಲಿ ತೆಳ್ಳಗೆ ಹರಡಿದಳು.