ಅಕ್ಕನ ಪಾಲಿನ ಹಾಲು

ಅಕ್ಕನ ಕಾಯಿಲೆಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಸುಳ್ಳು ಹೇಳುವ ವಯಸ್ಸು ನನಗೆ ದಾಟಿದೆ.

ಐವತ್ತರ ದಶಕದ ಕೊನೆ. ಕೊಡಿಗೇಹಳ್ಳಿಯಲ್ಲಿ ನಮ್ಮದು ಎರಡು ಹಸುವಿನ ಮನೆ. ಅಪ್ಪ ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಮತ್ತಿಕೆರೆ, ಯಶವಂತಪುರದ ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದ. ಮನೆಗೆಂದು ಉಳಿಯುತ್ತಿದ್ದುದು ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ. ಅದನ್ನು ನಾನೂ ಅಕ್ಕನೂ ಹಂಚಿಕೊಳ್ಳುತ್ತಿದ್ದೆವು. ಅವಳಿಗೆ ಹದಿಮೂರು, ನನಗೆ ಹತ್ತು.

ಮೂರು ವರ್ಷದಿಂದ ಅಕ್ಕನ ಮುಖ ಆಗಾಗ ಊದುತ್ತಿತ್ತು. ಯಲಹಂಕದ ಡಾಕ್ಟರು ಮೂತ್ರಪಿಂಡದ ತೊಂದರೆ ಎಂದು ಉಪ್ಪು ಬಿಡಿಸಿದ್ದರು. ಆ ವರ್ಷ ಅವಳಿಗೆ ಕಾಲುನೋವು ಶುರುವಾಯಿತು. ಮೊಣಕಾಲು ಒಳಕ್ಕೆ ಬಾಗಿದವು. ಒಂದು ದಿನ ಜಗಲಿ ಇಳಿಯುವಾಗ ಬಿದ್ದು ಮುಂಗೈ ಮುರಿದುಕೊಂಡಳು. ಮೂಳೆ ಮುರಿದರೆ ಡಾಕ್ಟರ ಹತ್ತಿರ ಹೋಗುವ ರೂಢಿ ನಮ್ಮಲ್ಲಿರಲಿಲ್ಲ. ಪಕ್ಕದ ಹಳ್ಳಿ ಸಿಂಗಾಪುರದಲ್ಲಿ ಕಟ್ಟು ಹಾಕುವ ಒಬ್ಬ ಅಜ್ಜನಿದ್ದ. ಅವನು ಬಿದಿರಿನ ದಬ್ಬೆ ಇಟ್ಟು ಕಟ್ಟಿ, “ಮೂಳೇಲಿ ಸತ್ವ ಇಲ್ಲ ಕಣವ್ವ. ಚೆನ್ನಾಗಿ ಆಲು ಕುಡಿಸು. ವಾರಕ್ಕೆರಡು ಸಲ ಕಾಲ್ ಸಾರು ಮಾಡಾಕು,” ಎಂದ. ಊತದ ವಿಷಯ ಅವನು ಕೇಳಲಿಲ್ಲ, ಅವ್ವ ಹೇಳಲಿಲ್ಲ. ಊತಕ್ಕೆ ಡಾಕ್ಟರು, ಮೂಳೆಗೆ ಅಜ್ಜ; ಅದು ಬೇರೆ, ಇದು ಬೇರೆ ಎಂದೇ ಅವಳು ತಿಳಿದಿದ್ದಳು.

ಅಂದಿನಿಂದ ಎರಡೂ ಲೋಟ ಅಕ್ಕನ ಪಾಲಾದವು. ಮೇಕೆ ಕಾಲಿನ ಸಾರು ಅವಳ ತಟ್ಟೆಗೆ, ನನಗೆ ಮುದ್ದೆ, ಉಪ್ಸಾರು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನುತ್ತಾರಲ್ಲ, ಆ ಸುಣ್ಣದ ಕಣ್ಣು ನಾನು. ಕೇಳಿದರೆ ಅವ್ವ, “ನಿಂಗೇನೇ ಬಂದೈತೆ ದಾಡಿ? ಗುಂಡ್‌ಕಲ್ಲಿದ್ದಂಗಿದೀಯ,” ಎನ್ನುತ್ತಿದ್ದಳು. ನಾನೂ ಬೇಕೆಂದೇ ಎರಡು ಸಲ ಜಗಲಿಯಿಂದ ಹಾರಿದೆ. ಏನೂ ಮುರಿಯಲಿಲ್ಲ.

ನಡುಮನೆಯಲ್ಲಿ ಮಲಗಿರುತ್ತಿದ್ದ ಅಕ್ಕನಿಗೆ ಹಾಲು ಕೊಂಡೊಯ್ಯುವ ಕೆಲಸ ನನ್ನದಾಗಿತ್ತು. ಬೇಲಿಯೇ ಎದ್ದು ಹೊಲ ಮೇಯಿತು. ಬಾಗಿಲ ಹಿಂದೆ ನಿಂತು ಅರ್ಧ ಲೋಟ ಕುಡಿದು, ಬಾಯಿ ಒರೆಸಿಕೊಂಡು ಒಳಗೆ ಹೋಗುತ್ತಿದ್ದೆ. ಅಕ್ಕ ಲೋಟವನ್ನು ನೋಡಿ, ನನ್ನನ್ನು ನೋಡಿ, ಇದ್ದಷ್ಟನ್ನು ಸುಮ್ಮನೆ ಕುಡಿಯುತ್ತಿದ್ದಳು. ಅವಳ ಆ ದೊಡ್ಡತನಕ್ಕೂ ನನಗೆ ಮೈ ಉರಿಯುತ್ತಿತ್ತು.

ಆಷಾಢದ ಒಂದು ಬೆಳಿಗ್ಗೆ ಚಾಪೆಯಿಂದ ಏಳುವಾಗಲೇ ಅಕ್ಕನ ತೊಡೆಯ ಮೂಳೆ ಮುರಿಯಿತು. ಅವಳು ಬಿದ್ದೂ ಇರಲಿಲ್ಲ. ನಾನು ಕದ್ದು ಕುಡಿದ ಹಾಲಿನಿಂದಲೇ ಹೀಗಾಯಿತೆಂದು ನನಗೆ ಖಾತ್ರಿಯಾಯಿತು. ಅಜ್ಜ ಬಂದು ನೋಡಿ ಕೈಚೆಲ್ಲಿದ. ಅವಳನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋದೆವು.

ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಏನೇನು ತಿನ್ನಿಸಿದಿರಿ ಎಂದು ಅವ್ವನನ್ನು ಕೇಳಿದರು. ಅವ್ವ ಹೆಮ್ಮೆಯಿಂದಲೇ ಹೇಳಿದಳು.

“ಇವಳಿಗೆ ಅದೇ ಆಗ್ಬಾರ್ದಿತ್ತಮ್ಮ,” ಎಂದರು ಅವರು. “ಹಾಲು, ಮಾಂಸದಲ್ಲಿರೋ ರಂಜಕ ಅನ್ನೋ ಅಂಶವನ್ನ ಇವಳ ಕಿಡ್ನಿ ಹೊರಗೆ ಹಾಕ್ತಿಲ್ಲ. ಅದು ರಕ್ತದಲ್ಲೇ ನಿಂತು ಮೂಳೆಯ ಸುಣ್ಣ ಕರಗಿಸ್ತಿದೆ. ಮುಖ ಊದಿದಾಗ ನೋಡಿದ ಡಾಕ್ಟರಿಗೇ ಈ ಕಾಲುನೋವನ್ನೂ ತೋರ್ಸಿದ್ರೆ ಚೆನ್ನಾಗಿತ್ತು. ಇನ್ನು ಇವಳು ಎದ್ದು ನಡೆಯೋದು ಕಷ್ಟ.”

ನನಗೆ ಅದೊಂದೂ ತಿಳಿಯಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಾಗ ತಡೆಯಲಾರದೆ ಹೇಳಿಬಿಟ್ಟೆ. “ಅವ್ವ, ಅಕ್ಕನ ಆಲು ದಿನಾ ಅರ್ಧ ನಾನೇ ಕುಡೀತಿದ್ದೆ.”

ಅವ್ವ ನನ್ನ ಬೆನ್ನಿಗೊಂದು ಗುದ್ದುತ್ತಾಳೆಂದು ಮೈ ಬಿಗಿಹಿಡಿದು ಕೂತೆ. ಗುದ್ದು ಬೀಳಲಿಲ್ಲ.

“ಪೂರಾ ಕುಡಿಯಾಕೆ ಏನಾಗಿತ್ತೇ ನಿಂಗೆ,” ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆ ಅಳುವೂ ಅಕ್ಕನಿಗಾಗಿಯೇ ಎಂದು ಆಗಲೂ ನನ್ನ ಹೊಟ್ಟೆ ಉರಿಯಿತು.